ತಾತನ ಪ್ರೊಸೆಸರ್, ಮೊಮ್ಮಗಳ ಕಾರ್ಡು

ಚಳಿಗಾಲದ ಚಟ್ನಿಯಾದ ಐವಾರಿಗೆ ಕೆಂಪು ದಪ್ಪಮೆಣಸಿನಕಾಯಿ ಸುಡುವ ವಾರದಲ್ಲೇ ಮನೆಯ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಸ್ಟಾನೋಯ್ಕಾ ಅಂಗಳದಲ್ಲಿ ಹೊಗೆಗೆ ಮುಖ ಓರೆ ಮಾಡಿಕೊಂಡು ತಗಡಿನ ಮೇಲೆ ಕಾಯಿಗಳನ್ನು ತಿರುವುತ್ತಿದ್ದಳು. ಮಗಳು ಬಿಲ್ಯಾನಾ ಸುಟ್ಟವುಗಳ ಸಿಪ್ಪೆ ಸುಲಿದು ಬೋಗುಣಿಗೆ ಹಾಕುತ್ತಿದ್ದಳು. ಗಂಡ ತಿಹೊಮಿರ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಟೋಪಿ ತೆಗೆದ.

“ಹೋಯ್ತು,” ಅಂದ.

ಸ್ಟಾನೋಯ್ಕಾಳ ಕೈ ನಿಂತಿತು. ಅವರ ವಯಸ್ಸಿನಲ್ಲಿ ಟೋಪಿ ತೆಗೆದು ಹೇಳುವ ಸುದ್ದಿ ಒಂದೇ ಬಗೆಯದು. “ಯಾರು?”

“ಕಂಪ್ಯೂಟರ್.”

“ನಿನ್ನ ಮನೆ ಹಾಳಾಗ. ಅಷ್ಟಕ್ಕೆ ಟೋಪಿ ತೆಗೀತಾರೇನಯ್ಯಾ? ಹಾಕ್ಕೋ, ಬೋಳು ತಲೆಗೆ ಗಾಳಿ ಹೊಡೆಯುತ್ತೆ.”

ಆ ಕಂಪ್ಯೂಟರಿನೊಳಗೆ ತಿಹೊಮಿರನ ಜಂಕ್ಷನ್ ಇತ್ತು. ಬ್ರೆಸ್ಟಾಕ್ ಜಂಕ್ಷನ್ನಿನಲ್ಲಿ ಅವನು ಕೂದಲು ನರೆಯುವ ತನಕ ರೈಲುಗಳಿಗೆ ದಾರಿ ಬಿಡುವ ಅಧಿಕಾರಿಯಾಗಿದ್ದ. ಈಗ ಅಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಗಾಡಿ ಬಂದರೆ ಹೆಚ್ಚು. ಹಳಿಗಳ ನಡುವೆ ಮುಳ್ಳುಪೊದೆ ಬೆಳೆದಿದೆ. ನಿವೃತ್ತಿಯಾದ ಮೇಲೆ ಬಿಲ್ಯಾನಾಳ ಮಗಳು ಕಾಲಿನಾ ಅವನಿಗೊಂದು ರೈಲಿನ ಆಟ ತೋರಿಸಿಕೊಟ್ಟಳು. ಅದರಲ್ಲಿ ಹಳಿ ಹಾಸಬಹುದು, ಸಿಗ್ನಲ್ ನೆಡಬಹುದು, ವೇಳೆಗೆ ಸರಿಯಾಗಿ ಗಾಡಿ ಬಿಡಬಹುದು. ಅವನು ನಾಲ್ಕು ಚಳಿಗಾಲ ಕೂತು ಎಂಬತ್ತಾರನೇ ಇಸವಿಯ ಬ್ರೆಸ್ಟಾಕನ್ನು ಒಂದೊಂದೇ ಹಳಿಯಾಗಿ ಮತ್ತೆ ಹಾಸಿದ್ದ. ಹಳಿಯೆಲ್ಲ ಬೇರೊಂದು ಕಡೆ ಭದ್ರವಾಗಿ ಉಳಿದಿದೆ ಎಂದು ಕಾಲಿನಾ ಆಣೆಯಿಟ್ಟ ಮೇಲೆಯೇ ಅವನು ಟೋಪಿ ಹಾಕಿಕೊಂಡದ್ದು.

ಕಳೆದ ಡಿಸೆಂಬರಿನಲ್ಲಿ, ಮನೆತನದ ಸಂತ ನಿಕೊಲಾನ ಹಬ್ಬಕ್ಕೆ ಹಳೆಯ ಸಹೋದ್ಯೋಗಿಗಳು ಬಂದಿದ್ದಾಗ, ಅದನ್ನು ಓಡಿಸಿ ತೋರಿಸಲು ಹೋಗಿದ್ದ. ಸಂಜೆ ಆರಕ್ಕೆ ಎಲ್ಲ ದಿಕ್ಕಿನ ಗಾಡಿಗಳೂ ಒಟ್ಟಿಗೆ ಬಂದವು. ಪರದೆ ಕಲ್ಲಾಯಿತು. ಹಳಿ ಬದಲಿಸುವ ಕೆಲಸದಲ್ಲಿದ್ದ ರಾಟ್ಕೊ ಲೋಟ ಎತ್ತಿ, “ನಿಜವಾದ ಜಂಕ್ಷನ್ ಮುಚ್ಚೋಕೆ ಸರ್ಕಾರ ಬೇಕಾಯ್ತು, ಇದನ್ನ ನೀನೊಬ್ನೇ ಮುಚ್ಚಿದೆ ನೋಡು,” ಎಂದಿದ್ದ. ಎಲ್ಲರೂ ನಕ್ಕಿದ್ದರು. ಆಗ ಮೇಜಿನ ಸುತ್ತ ಒಂಬತ್ತು ಮಂದಿ ಇದ್ದರು. ಈಗ ಉಳಿದವರು ಏಳು. ಆ ಏಳು ಮಂದಿಯ ಕಣ್ಣೆದುರು ಜಂಕ್ಷನ್ನಿನ ಒಂದು ಇಡೀ ದಿನ ತಡವರಿಸದೆ ಓಡಬೇಕು. ತಿಹೊಮಿರನಿಗೆ ಬೇಕಾದದ್ದು ಇಷ್ಟೇ. ಮುಂದಿನ ವರ್ಷ ನೋಡೋಣ ಎನ್ನುವ ಧೈರ್ಯ ಅವನಿಗಿರಲಿಲ್ಲ.

“ಐವಾರ್ ಮಾರಿದ ದುಡ್ಡು ಕಿಟಕಿ ಬದಲಾಯಿಸೋಕೆ ಅಂತಿತ್ತು,” ಎಂದಳು ಬಿಲ್ಯಾನಾ, ರಾತ್ರಿಯ ಬೀನ್ಸ್ ಕಾಳಿನ ಸೂಪ್ ಬಡಿಸುತ್ತ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡನನ್ನು ಬಿಟ್ಟು ಮಗಳೊಂದಿಗೆ ತವರಿಗೆ ಬಂದಂದಿನಿಂದ ಮನೆಯ ಖರ್ಚು ಅವಳ ಕೈಯಲ್ಲೇ ಇತ್ತು.

“ಕಿಟಕಿಗೆ ಕಂಬಳಿ ಹೊದಿಸಿದ್ದೀನಿ, ಇನ್ನೊಂದು ವರ್ಷ ತಡೆಯುತ್ತೆ,” ಎಂದಳು ಸ್ಟಾನೋಯ್ಕಾ. “ತಾತ ಮೊಮ್ಮಗಳು ಇಬ್ರೂ ಕೆಲಸ ಇಲ್ದೆ ಚಳಿಗಾಲ ಪೂರ್ತಿ ನನ್ನ ಕಾಲ್ಕಾಲಿಗೆ ಸಿಕ್ಕಿದ್ರೆ ನಾನು ತಡೆಯಲ್ಲ.”

ಹದಿನೇಳರ ಕಾಲಿನಾ ಆಗಲೇ ಫೋನಿನಲ್ಲಿ ಹೊಸ ಕಂಪ್ಯೂಟರಿನ ಬಿಡಿಭಾಗಗಳ ಬೆಲೆ ನೋಡುತ್ತಿದ್ದಳು. “ಕಾರ್ಡಿಗೆ ಎರಡು ಪಾಲು, ಪ್ರೊಸೆಸರಿಗೆ ಒಂದು ಪಾಲು. ಆಟದ ಕಂಪ್ಯೂಟರಿಗೆ ಎಲ್ಲರೂ ಹೀಗೇ ಮಾಡೋದು.”

“ಎಲ್ಲರೂ ಅಂದ್ರೆ ಯಾರಮ್ಮ?” ಎಂದ ತಿಹೊಮಿರ್.

“ಎಲ್ಲರೂ, ತಾತ.”

“ಪ್ರೊಸೆಸರ್ ಏನು ಮಾಡುತ್ತೆ, ಅದನ್ನ ಹೇಳು.”

“ಲೆಕ್ಕ ಹಾಕುತ್ತೆ. ಯಾವ ಗಾಡಿ ಎಲ್ಲಿದೆ, ಯಾವ ಸಿಗ್ನಲ್ ಕೆಂಪು, ಯಾರು ಕಾಯ್ಬೇಕು, ಯಾರು ಹೋಗ್ಬೇಕು.”

“ಕಾರ್ಡು?”

“ಅದನ್ನೆಲ್ಲ ಚಿತ್ರ ಬರೆದು ತೋರಿಸುತ್ತೆ.”

ತಿಹೊಮಿರ್ ಚಮಚ ಕೆಳಗಿಟ್ಟ. “ಅಂದ್ರೆ ಗಾಡಿ ಬಿಡೋನಿಗೆ ಒಂದು ಸಂಬಳ, ಸ್ಟೇಷನ್ನಿಗೆ ಸುಣ್ಣ ಹೊಡೆಯೋನಿಗೆ ಎರಡು ಸಂಬಳ. ನಮ್ಮ ರೈಲ್ವೆ ಮುಳುಗಿದ್ದೇ ಹೀಗೆ.”

ಬಿಲ್ಯಾನಾಗೆ ನಗು ಬಂದು ಸೂಪ್ ನೆತ್ತಿಗೇರಿತು. ಕಾಲಿನಾ ನಗಲಿಲ್ಲ. ಅವಳ ಆಟದಲ್ಲಿ ಬೆಟ್ಟ, ಹೊಳೆ, ಕಾಡು. ಆ ಕಾಡಿನಲ್ಲಿ ಕುದುರೆ ಹತ್ತಿ ಅಲೆಯುವುದೇ ಅವಳ ಸುಖ.

“ನಿನ್ನ ಗಾಡಿಗೆ ಸುಣ್ಣ ಬೇಡ, ನನ್ನ ಬೆಟ್ಟಕ್ಕೆ ಬೇಕು. ಎಲ್ಲಾ ಪ್ರೊಸೆಸರಿಗೇ ಸುರಿದ್ರೆ ನನ್ನ ಬೆಟ್ಟ ರಟ್ಟಿನ ಡಬ್ಬ ಥರ ಕಾಣುತ್ತೆ.”

“ಕುದುರೆ ರಟ್ಟಿನ ಬೆಟ್ಟಾನೂ ಹತ್ತುತ್ತೆ. ಗಾಡಿ ತಡ ಆದ್ರೆ ಪ್ಲಾಟ್‌ಫಾರ್ಮಲ್ಲಿ ಜನ ಕಾಯ್ತಾರೆ.”

“ಯಾವ ಜನ ತಾತ? ಅವರೆಲ್ಲ ಆಟದೊಳಗಿನವರು.”

“ಕಾಯೋರು ಕಾಯೋರೇ.”

ಸ್ಟಾನೋಯ್ಕಾ ಬ್ರೆಡ್ಡನ್ನು ಎದೆಗಾನಿಸಿ ಸರಿಯಾಗಿ ಎರಡು ಹೋಳು ಮಾಡಿದಳು. “ಅರ್ಧ ಅವನಿಗೆ, ಅರ್ಧ ಅವಳಿಗೆ. ಮನೇಲಿ ಎರಡು ಮಕ್ಕಳಿದ್ರೆ ಇನ್ನೇನು ಮಾಡೋಕಾಗುತ್ತೆ. ಈಗ ಉಣ್ಣಿ.”

ಮಾತು ಮುಗಿಯಿತು, ಜಗಳ ಮುಗಿಯಲಿಲ್ಲ. ಆ ಅರ್ಧಕ್ಕೆ ಪ್ರೊಸೆಸರ್ ಒಳ್ಳೆಯದೇ ಬರುತ್ತಿತ್ತು, ಹೊಸ ಕಾರ್ಡು ಮಾತ್ರ ಅಷ್ಟಕ್ಕಷ್ಟೇ. ಕಾಲಿನಾ ಎರಡು ವಾರ ಮುಖ ದಪ್ಪ ಮಾಡಿಕೊಂಡು ಶೀಶೆ ತೊಳೆದಳು, ಮುಚ್ಚಳ ಒರೆಸಿದಳು, ಕೇಳಿದ್ದಕ್ಕೆ ಹೂಂ ಎಂದಳು. ತಿಹೊಮಿರ್ ಸೌದೆ ಒಡೆದು ಗೋಡೆಗೊತ್ತಿ ಪೇರಿಸಿದ. ಅವಳನ್ನು ದಾಟಿ ಹೋಗುವಾಗಲೆಲ್ಲ ಸುಮ್ಮನೆ ಕೆಮ್ಮಿದ. ಕೊನೆಗೆ ಒಂದು ಸಂಜೆ ಅವಳೇ ಸೌದೆಯ ಬಳಿ ಬಂದು ನಿಂತಳು.

“ತಾತ, ನಾಳೆ ನಿಶ್‌ಗೆ ಹೋಗೋಣ.”

“ಯಾಕೆ?”

“ಒಬ್ಬ ಹಳೇ ಕಾರ್ಡು ಮಾರ್ತಿದ್ದಾನೆ. ಎರಡು ವರ್ಷದ್ದು, ಆದ್ರೆ ಮೇಲಿನ ದರ್ಜೆದು. ನಮ್ಮ ಪರದೆ ಚಿಕ್ಕದು. ಆ ಕಾರ್ಡಿಗಿಂತ ದೊಡ್ಡದು ಹಾಕಿದ್ರೆ ಕೋಳಿಗೂಡಿಗೆ ತೂಗುದೀಪ ಕಟ್ಟಿದ ಹಾಗೆ. ನಿನ್ನ ಪ್ರೊಸೆಸರ್ ಹೊಸದೇ ಇರಲಿ.”

ತಿಹೊಮಿರ್ ಕೊಡಲಿ ಕೆಳಗಿಟ್ಟ. “ನಿನಗೆ ಹೊಸದು ಬೇಕಿತ್ತಲ್ಲ.”

“ಬೇಕಿತ್ತು. ನಿನ್ನ ಆರು ಗಂಟೆ ಗಾಡಿಗಳು ಬರ್ಲಿ, ಆಮೇಲೆ ನನ್ನ ಕುದುರೆ.”

ಮಾರುವವನು ನಿಶ್ ನಗರದ ಒಂದು ಬಹುಮಹಡಿ ಕಟ್ಟಡದ ಕೆಳಗಿನ ಮನೆಯಲ್ಲಿದ್ದ. ಉಣ್ಣೆಯ ಮನೆಚಪ್ಪಲಿಯಲ್ಲೇ ಬಾಗಿಲು ತೆರೆದ ಹುಡುಗ ಕಾರ್ಡನ್ನು ಕೈಗೆ ಕೊಟ್ಟ. ಕಾಲಿನಾ ಅದರ ಬೆಸುಗೆ, ಫ್ಯಾನು ನೋಡಿದಳು. ತಿಹೊಮಿರ್ ಅದನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದ.

“ಏನ್ ಮಾಡ್ತಿದ್ದೀರಾ ತಾತ?” ಎಂದ ಹುಡುಗ.

“ಸುಟ್ಟ ಎಂಜಿನ್ನು ವಾಸನೇಲೇ ಗೊತ್ತಾಗುತ್ತಪ್ಪ. ಒರೆಸಬಹುದು, ಬಣ್ಣ ಹಚ್ಚಬಹುದು, ವಾಸನೆ ಮುಚ್ಚಿಡೋಕಾಗಲ್ಲ.” ಇನ್ನೊಮ್ಮೆ ಮೂಸಿದ. “ಸಿಗರೇಟು ವಾಸನೆ ಇದೆ. ಸುಟ್ಟಿಲ್ಲ. ನಿಮ್ಮಮ್ಮನಿಗೆ ಗೊತ್ತಾ ನೀನು ಸೇದೋದು?”

ಹುಡುಗ ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ, ಬೆಲೆಯನ್ನೂ ತಗ್ಗಿಸಿದ. ತಿಹೊಮಿರ್ ಚೀಲದಿಂದ ಒಂದು ಶೀಶೆ ಐವಾರ್ ತೆಗೆದು ಕೊಟ್ಟ. ಬಸ್ಸಿನಲ್ಲಿ ಕಾಲಿನಾ ದಾರಿಯುದ್ದಕ್ಕೂ ಅವನ ತೋಳಿಗೆ ಒರಗಿ ನಕ್ಕಳು.

ಉಳಿದ ಸಾಮಾನು ಅಂಚೆಯಲ್ಲಿ ಬಂತು. ಭಾನುವಾರದ ಊಟ ಮುಗಿಸಿ ಮೇಜಿನ ಮೇಲೆ ಹಳೆಯ ಚಾದರ ಹಾಸಿ ಇಬ್ಬರೂ ಜೋಡಿಸಲು ಕೂತರು. ಅವಳು ಹೇಳಿದ್ದನ್ನು ಅವನು ಹಿಡಿದ, ಅವನಿಗೆ ಕಾಣದ ಸ್ಕ್ರೂವನ್ನು ಅವಳು ಬಿಗಿದಳು. ಬಿಲ್ಯಾನಾ ಕಾಫಿ ಮಾಡಿ ಕೊಟ್ಟಳು. ಗುಂಡಿ ಒತ್ತಿದಾಗ ಬಂದ ಸದ್ದು ಸಣ್ಣದು, ಹೊಟ್ಟೆ ತುಂಬಿದ ಬೆಕ್ಕಿನದು. ಅಂದು ಸಂಜೆ ಆರರ ಗಾಡಿಗಳು ಒಂದರ ಬಾಲ ಇನ್ನೊಂದು ಮುಟ್ಟದ ಹಾಗೆ ಬಂದು, ನಿಂತು, ಹೋದವು. ಆಮೇಲೆ ಕಾಲಿನಾ ತನ್ನ ಬೆಟ್ಟ ತೋರಿಸಿದಳು. ಕುದುರೆಯ ಕುತ್ತಿಗೆಗೂದಲ ಮೇಲೆ ಇಬ್ಬನಿ ಕೂತಿತ್ತು. ಸ್ಟಾನೋಯ್ಕಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ಅದಕ್ಕೆ ಒಂದು ಬಟ್ಟೆ ಹೊದಿಸ್ರೇ, ನೆಂದಿದೆ ಪಾಪ,” ಎಂದಳು.

ನವೆಂಬರಿನ ಕೊನೆಗೆ ಹಿಮ ಬಿತ್ತು. ಚಳಿಗಾಲದಲ್ಲಿ ಆ ಮನೆಯಲ್ಲಿ ಒಲೆ ಉರಿಯುವುದು ಅಡುಗೆಮನೆಯಲ್ಲಿ ಮಾತ್ರ. ಊಟ, ಓದು, ಹೊಲಿಗೆ, ಜಗಳ ಎಲ್ಲಕ್ಕೂ ಅದೇ ಕೋಣೆ. ಕಂಪ್ಯೂಟರೂ ಅಲ್ಲಿಗೇ ಬಂತು. ಒಲೆಯಿಂದ ದೂರದ ಮೂಲೆಯಲ್ಲಿ, ಸ್ಟಾನೋಯ್ಕಾ ಕೂತು ಹೆಣೆಯುವ ಕುರ್ಚಿಯ ಪಕ್ಕ ಜಾಗ ಸಿಕ್ಕಿತು.

ಒಂದು ವಾರವೂ ಆಗಲಿಲ್ಲ, ಗಾಡಿಗಳು ಕುಂಟತೊಡಗಿದವು. ಮೊದಲ ಕಾಲು ಗಂಟೆ ಸರಿಯಾಗಿ ಓಡುವುದು, ಆಮೇಲೆ ಬಿಕ್ಕಳಿಸುವುದು. ಕಾಲಿನಾಳ ಕುದುರೆ ಒಂದು ಹೆಜ್ಜೆ ಇಟ್ಟು, ಯೋಚಿಸಿ, ಇನ್ನೊಂದು ಇಡುತ್ತಿತ್ತು.

“ಬಿಸಿ ಏರ್ತಿದೆ,” ಎಂದಳು ಕಾಲಿನಾ, ಪರದೆಯ ಮೇಲಿನ ಅಂಕಿ ನೋಡಿ. “ನಿನ್ನ ಪ್ರೊಸೆಸರ್ ಕಾದ ಹಂಚಾಗಿದೆ. ಇಷ್ಟು ದೊಡ್ಡದು ತಗೋಬಾರ್ದಿತ್ತು.”

“ನನ್ನದು ಹೊಸದು. ಹಳೇದು ನಿನ್ನ ಕಾರ್ಡು.”

“ಮೂಸಿ ನೋಡಿ ತಗೊಂಡಿದ್ದು ಯಾರು?”

“ಸುಟ್ಟಿಲ್ಲ ಅಂದೆ, ಗಟ್ಟಿ ಅಂದ್ನಾ?”

ಮೊದಲು ಅದು ತಮಾಷೆಯಾಗಿತ್ತು. ಡಿಸೆಂಬರ್ ಮುಂದೆ ಹೋದಂತೆ ತಮಾಷೆ ಸವೆಯಿತು. ಹಬ್ಬಕ್ಕೆ ಒಂದು ವಾರ ಉಳಿದಾಗ, ಊಟದ ಮೇಜಿನಲ್ಲಿ, ಆಲೂಗೆಡ್ಡೆ ಬಡಿಸುವ ಹೊತ್ತಿಗೆ ಕಾಲಿನಾಳ ಸಹನೆಯ ಕಟ್ಟೆ ಒಡೆಯಿತು.

“ನಿನಗೋಸ್ಕರ ನಾನು ಹಳೇದು ತಗೊಂಡೆ. ಈಗ ನಿನ್ನ ಗಾಡೀನೂ ಇಲ್ಲ, ನನ್ನ ಕುದುರೇನೂ ಇಲ್ಲ. ಎಲ್ಲರೂ ಮಾಡೋ ಹಾಗೆ ಮಾಡಿದ್ರೆ ನನ್ನದಾದ್ರೂ ಓಡ್ತಿತ್ತು.”

“ಕಾಲಿನಾ,” ಎಂದಳು ಬಿಲ್ಯಾನಾ.

“ಅಲ್ವಾ ಅಮ್ಮ? ಸತ್ತ ಸ್ಟೇಷನ್ನಿಗೆ ಇಷ್ಟೊಂದು ಯಾಕೆ?”

ತಿಹೊಮಿರ್ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಊಟ ಬಿಟ್ಟೇಳುವ ಅಭ್ಯಾಸ ಅವನಿಗಿರಲಿಲ್ಲ. ಬಾಯಿ ಒರೆಸಿಕೊಂಡ.

“ಅವಳು ಹೇಳೋದು ಸರಿ. ನನ್ನದನ್ನ ವಾಪಸ್ ಕೊಟ್ಟು ಅವಳಿಗೆ ಕಾರ್ಡು ತಗೊಳ್ಳಿ. ರಾಟ್ಕೊಗೆ ನಾನು ಬಾಯಲ್ಲೇ ಹೇಳ್ತೀನಿ, ಯಾವ ಗಾಡಿ ಎಷ್ಟಕ್ಕೆ ಬರ್ತಿತ್ತು ಅಂತ. ನನಗೆ ನೆನಪಿದೆ.”

ಅವನು ಎದ್ದು ತಣ್ಣನೆಯ ಕೋಣೆಗೆ ಹೋಗಿ ಕೋಟು ಹಾಕಿಕೊಂಡೇ ಮಲಗಿದ. ಕಾಲಿನಾ ಪಾತ್ರೆ ತೊಳೆಯುವಾಗ ಎರಡು ಬಾರಿ ಲೋಟ ಬೀಳಿಸಿದಳು. ಒಡೆಯಲಿಲ್ಲ.

ಹಬ್ಬದ ಮುಂಚಿನ ಶನಿವಾರ ಮನೆ ತೊಳೆಯುವ ದಿನ. ಕಿಟಕಿ ಪರದೆ ಕಳಚಿ, ಕಪಾಟು ಎಳೆದು, ವರ್ಷದ ಧೂಳು ಹೊರಗೆ ಹಾಕುವ ದಿನ. ಬಿಲ್ಯಾನಾ ಮೂಲೆಯಿಂದ ಕಂಪ್ಯೂಟರನ್ನು ಎಳೆದು ಹಿಂಬದಿ ತಿರುಗಿಸಿದವಳು ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತಳು.

“ಅಪ್ಪ, ಸ್ವಲ್ಪ ಬಾ ಇಲ್ಲಿ. ಕಾಲಿನಾ, ನೀನೂ ಬಾ.”

ಹಿಂದಿನ ಫ್ಯಾನಿನ ಕಿಂಡಿಗೆ ಕರಿ ಉಣ್ಣೆಬಟ್ಟೆಯ ದಪ್ಪ ತುಂಡೊಂದು ಮುಚ್ಚಿಕೊಂಡಿತ್ತು. ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚು ಮಡಿಸಿ, ಪುಟ್ಟ ಪುಟ್ಟ ಹೊಲಿಗೆ ಹಾಕಿದ್ದರು. ನಾಲ್ಕು ಮೂಲೆಯಲ್ಲೂ ಲಾಡಿ. ಗಂಟು ಕೂಡ ಚೆಂದ.

ಮೂವರೂ ಸ್ಟಾನೋಯ್ಕಾಳ ಕಡೆ ತಿರುಗಿದರು. ಅವಳು ಬೀನ್ಸ್ ಕಾಳು ಆರಿಸುತ್ತಿದ್ದಳು.

“ಏನು ನೋಡ್ತೀರಾ? ಮುಂದೆ ಒಂದು ಕಿಂಡಿ, ಹಿಂದೆ ಒಂದು ಕಿಂಡಿ. ಎದುರುಬದುರು ಎರಡು ಕಿಟಕಿ ತೆಗೆದಿಟ್ಟ ಮನೆ ಅದು. ಹಗಲೆಲ್ಲ ಅಡ್ಡಗಾಳಿ. ನನ್ನ ಸೊಂಟ ಹಿಡಿದುಕೊಳ್ತು. ಸೊಂಟ ಹೋಗ್ಲಿ, ಅದಕ್ಕೇ ಏನಾದ್ರೂ ಆದ್ರೆ? ಇಷ್ಟು ದುಡ್ಡು ಕೊಟ್ಟು ತಂದಿದ್ದೀರಿ.”

“ಅಜ್ಜಿ,” ಎಂದಳು ಕಾಲಿನಾ, “ಅದು ಉಸಿರಾಡೋದೇ ಅಡ್ಡಗಾಳಿಯಿಂದ. ಮುಂದಿಂದ ತಣ್ಣನೆ ಗಾಳಿ ತಗೊಂಡು ಹಿಂದಿಂದ ಬಿಸಿ ಗಾಳಿ ಬಿಡುತ್ತೆ.”

“ಬಿಸಿಯೋ ತಣ್ಣಗೋ, ಅಡ್ಡಗಾಳಿ ಅಡ್ಡಗಾಳಿಯೇ. ಅಡ್ಡಗಾಳಿ ಹೊಡೆದು ನಮ್ಮ ದೊಡ್ಡಮ್ಮನ ಬಾಯಿ ಸೊಟ್ಟ ಆಗಿದ್ದು ಬೇಸಿಗೇಲಿ.”

ತಿಹೊಮಿರ್ ಬಗ್ಗಿ ಆ ಬಟ್ಟೆಯನ್ನು ಮುಟ್ಟಿ ನೋಡಿದ. “ಇದು ನನ್ನ ಸಮವಸ್ತ್ರದ ಕೋಟು.”

“ತೋಳು ಮಾತ್ರ. ಪತಂಗ ತಿಂದಿತ್ತು. ಒಳ್ಳೆ ಭಾಗ ನೋಡಿ ಕತ್ತರಿಸಿದ್ದೀನಿ.”

ಮೊದಲು ನಕ್ಕವಳು ಬಿಲ್ಯಾನಾ. ಅವಳು ನೆಲದ ಮೇಲೆ ಕೂತುಬಿಟ್ಟಳು. ಕಾಲಿನಾ ನಗುತ್ತಲೇ ಅತ್ತಳು. ಅಳುತ್ತಲೇ ತಾತನ ಸ್ವೆಟರಿಗೆ ಮುಖ ಒತ್ತಿ, ಸತ್ತ ಸ್ಟೇಷನ್ನು ಅಂದದ್ದನ್ನು ವಾಪಸ್ ತಗೊಂಡೆ ಎಂದಳು. “ಅದು ಸತ್ತಿರೋದು ನಿಜವೇ ಕಣೇ,” ಎಂದ ತಿಹೊಮಿರ್ ಅವಳ ಬೆನ್ನು ತಟ್ಟುತ್ತ, “ಅದಕ್ಕೇ ನನಗೆ ಅವಸರ.”

ಲಾಡಿ ಬಿಚ್ಚಿದರು. ಬಿಲ್ಯಾನಾ ತಾಯಿಯ ಕುರ್ಚಿಯನ್ನು ಒಲೆಯ ಆಚೆ ಬದಿಗೆ ಹಾಕಿದಳು. ಸ್ಟಾನೋಯ್ಕಾ, ನಾಳೆ ಅದಕ್ಕೆ ಶೀತವಾದರೆ ನನ್ನನ್ನು ಕೇಳಬೇಡಿ ಎಂದು ಹೇಳಿ ಬೀನ್ಸ್ ನೆನೆಹಾಕಿದಳು.

ಹಬ್ಬದ ದಿನ ಬೆಳಿಗ್ಗೆ ಪಾದ್ರಿ ಬಂದು ಗೋಧಿ ಪ್ರಸಾದಕ್ಕೆ ದ್ರಾಕ್ಷಾರಸ ಹುಯ್ದು ಹೋದ. ಮೇಣದ ದೊಡ್ಡ ಬತ್ತಿ ಉರಿಯಿತು. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ಬರುತ್ತಾರೆ. ಏಳು ಮಂದಿಯೂ ಬಂದರು. ಎಂಜಿನ್ ಓಡಿಸುತ್ತಿದ್ದ ಝಿವೋಯಿನ್‌ನನ್ನು ಅವನ ಸೊಸೆ ತೋಳು ಹಿಡಿದು ಕರೆತಂದಳು. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ, ಹಾಲಿಲ್ಲ, ಮೀನಿಗೆ ಅಡ್ಡಿಯಿಲ್ಲ. ಸ್ಟಾನೋಯ್ಕಾ ಕಾರ್ಪ್ ಮೀನು ಹುರಿದಿದ್ದಳು, ಈರುಳ್ಳಿ ಹಾಕಿ ಬೀನ್ಸ್ ಒಲೆಯಲ್ಲಿ ಬೇಯಿಸಿದ್ದಳು.

ನಡು ಹಗಲಿಗೆ ತಿಹೊಮಿರ್ ಬೆಲ್‌ಗ್ರೇಡಿನ ಎಕ್ಸ್‌ಪ್ರೆಸ್ ಗಾಡಿಯಿಂದ ದಿನ ಶುರು ಮಾಡಿದ. ಆಟದ ಗಡಿಯಾರವನ್ನು ಗೋಡೆಯ ಗಡಿಯಾರಕ್ಕೆ ಹೊಂದಿಸಿದ್ದ. ಅವಸರದ ಓಟ ಬೇಡ, ನಿಜವಾದ ವೇಳೆಯೇ ಇರಲಿ ಎಂದು.

“ನಾಲ್ಕು ಗಾಡಿ ಬರ್ಲಿ, ಆಮೇಲೆ ಮಾತಾಡೋಣ,” ಎಂದ ರಾಟ್ಕೊ ಮೀನಿನ ಮುಳ್ಳು ತೆಗೆಯುತ್ತ.

ನಾಲ್ಕು ಬಂದವು. ಹತ್ತು ಬಂದವು. ಹೊರಗೆ ಕತ್ತಲಾಯಿತು, ಪರದೆಯೊಳಗೂ ಕತ್ತಲಾಯಿತು. ಆರು ಗಂಟೆಗೆ ಮುಂಚೆ ಯಾರೂ ಹೇಳದೆ ಎಲ್ಲರೂ ಫೋರ್ಕ್ ಕೆಳಗಿಟ್ಟರು. ದಕ್ಷಿಣದಿಂದ ಕಾರ್ಖಾನೆ ಕೆಲಸಗಾರರ ಗಾಡಿ, ಪೂರ್ವದಿಂದ ಪ್ಯಾಸೆಂಜರ್, ಉತ್ತರದ ಸಿಗ್ನಲ್ಲಿನಲ್ಲಿ ಕಲ್ಲಿದ್ದಲಿನ ಸರಕು. ಕಾಲಿನಾ ಬಿಸಿಯ ಅಂಕಿಯನ್ನು ನೋಡುತ್ತಿದ್ದಳು. ತಿಹೊಮಿರ್ ಗಾಡಿಗಳನ್ನು ನೋಡುತ್ತಿದ್ದ. ಒಂದು ಬಂತು. ಇನ್ನೊಂದು ಬಂತು. ಬಾಗಿಲು ತೆರೆದವು, ಜನ ಇಳಿದರು, ಹತ್ತಿದರು. ಸರಕು ಗಾಡಿ ನಡುವಿನ ಹಳಿಯಲ್ಲಿ ನಿಧಾನವಾಗಿ, ಒಂದು ಡಬ್ಬಿಯೂ ಬಿಕ್ಕಳಿಸದೆ, ದಾಟಿ ಹೋಯಿತು.

ರಾಟ್ಕೊ ಎದ್ದು ಪರದೆಯ ಹತ್ತಿರ ಬಗ್ಗಿದ. ನೆಂದ ಹಳಿಗಳ ಮೇಲೆ ದೀಪದ ಬೆಳಕು ಬಿದ್ದಿತ್ತು. ಪ್ಲಾಟ್‌ಫಾರ್ಮಿನ ತುದಿಯ ಲಿಂಡೆನ್ ಮರದ ಎಲೆ ಅಲುಗುತ್ತಿತ್ತು.

“ಈ ಮರ ಯಾರು ಮಾಡಿದ್ದು?”

“ಇವಳ ಕಾರ್ಡು,” ಎಂದ ತಿಹೊಮಿರ್. “ಮರ ನಾನು ನೆಟ್ಟಿದ್ದೆ, ಆದ್ರೆ ಹಳೇ ಕಂಪ್ಯೂಟರಲ್ಲಿ ಅದು ಪೊರಕೆ ಥರ ಇತ್ತು.”

ರಾಟ್ಕೊ ಬಹಳ ಹೊತ್ತು ನೋಡಿದ. “ನನ್ನವಳು, ಮಿರ್ಯಾನಾ, ಇದರ ಕೆಳಗೆ ನನ್ನ ಊಟದ ಡಬ್ಬಿ ಹಿಡ್ಕೊಂಡು ನಿಲ್ತಿದ್ಲು,” ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಅಲ್ಲೇ ಕೂತ. “ಮುಂದಿನ ಗಾಡಿ ಯಾವುದು? ನನಗೆ ಹೇಳದೆ ಹಳಿ ಬದಲಾಯಿಸ್ಬೇಡ.”

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅರ್ಧ ದಿನ ನೋಡಿ ಎದ್ದು ಹೋಗಲು ಯಾರೂ ಒಪ್ಪಲಿಲ್ಲ. ರೈಲ್ವೆಯವರು ಪಾಳಿ ಹಂಚಿಕೊಂಡರು. ಹಣ್ಣಿನ ಸಾರಾಯಿ ರಾಕಿಯಾ ಕುಡಿದವರು ಮೊದಲು ಮಲಗಬೇಕು, ಕುಡಿಯದವರು ಮೊದಲು ಕೂರಬೇಕು ಎಂದಾಯಿತು. ಕುಡಿಯದವನು ಝಿವೋಯಿನ್ ಒಬ್ಬನೇ ಇದ್ದ, ಅವನೂ ವೈದ್ಯರ ಭಯಕ್ಕೆ. ಬೆಳಿಗ್ಗೆ ಅಡುಗೆಮನೆಗೆ ಬಂದ ಸ್ಟಾನೋಯ್ಕಾಗೆ ಸೋಫಾದ ಮೇಲೆ ಇಬ್ಬರು, ನೆಲದ ಮೇಲೆ ಒಬ್ಬ, ಪರದೆಯ ಮುಂದೆ ಕೆಂಪು ಕಣ್ಣಿನ ಐವರು ಸಿಕ್ಕರು.

“ಮೀನು ಮುಗೀತು,” ಎಂದಳು. “ಇನ್ನು ಬೀನ್ಸ್ ಮಾತ್ರ.”

“ಬೀನ್ಸೇ ಸಾಕು ಅಕ್ಕಾ,” ಎಂದ ರಾಟ್ಕೊ ತಿರುಗದೆ. “ಆರೂ ಐವತ್ತರ ಗಾಡಿಗೆ ಎರಡು ನಿಮಿಷ ತಡ, ನಿನ್ನ ಗಂಡನಿಗೆ ಹೇಳು.”

“ಆ ಗಾಡಿ ಆಗಲೂ ಎರಡು ನಿಮಿಷ ತಡವೇ,” ಎಂದ ತಿಹೊಮಿರ್. “ಪಟ್ಟಿಯಲ್ಲಿ ಹಾಗೇ ಇಟ್ಟಿದ್ದೀನಿ.”

ನಡು ಹಗಲು ಹತ್ತಿರವಾದಾಗ ಎಲ್ಲರೂ ಎಚ್ಚರವಿದ್ದರು. ಕೊನೆಯ ಸರಕು ಗಾಡಿ ಪೂರ್ವಕ್ಕೆ ಹೋಯಿತು. ಹಳಿಗಳು ಖಾಲಿಯಾದವು. ಒಂದು ಇಡೀ ದಿನ ಎಲ್ಲೂ ನಿಲ್ಲದೆ ಓಡಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಝಿವೋಯಿನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ತಿಹೊಮಿರ್ ಕುರ್ಚಿಯಿಂದ ಎದ್ದು ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. “ಬ್ರೆಸ್ಟಾಕ್ ಜಂಕ್ಷನ್. ಎಲ್ಲ ಹಳಿ ಖಾಲಿ. ಎಲ್ಲ ಸಿಗ್ನಲ್ ಸರಿ. ಪಾಳಿ ಒಪ್ಪಿಸ್ತಿದ್ದೀನಿ,” ಎಂದು ಸುತ್ತ ನೋಡಿದ. ಯಾರಿಗೆ ಒಪ್ಪಿಸುವುದೆಂದು ಅವನು ಯೋಚಿಸಿರಲಿಲ್ಲ.

ರಾಟ್ಕೊ ಕಾಲಿನಾಳ ಹೆಗಲು ಹಿಡಿದು ಕುರ್ಚಿಗೆ ಕೂರಿಸಿದ.

“ನನಗೆ ಬರಲ್ಲ,” ಎಂದಳು ಅವಳು.

“ಇವನಿಗೂ ಬರ್ತಿರಲಿಲ್ಲ. ತಗೊಂಡೆ ಅನ್ನು.”

“ತಗೊಂಡೆ.”

ಅಷ್ಟರಲ್ಲಿ ಬೆಲ್‌ಗ್ರೇಡಿನ ಎಕ್ಸ್‌ಪ್ರೆಸ್ ಉತ್ತರದ ಸಿಗ್ನಲ್ಲಿನ ಬಳಿ ದಾರಿ ಕೇಳುತ್ತಿತ್ತು. “ಯಾವ ಹಳಿಗೆ?” ಎಂದು ಕಾಲಿನಾ ಗಾಬರಿಯಲ್ಲಿ ಕೇಳಿದಳು. ಎರಡಕ್ಕೆ, ಮೂರಕ್ಕೆ, ಒಂದು ಬಿಟ್ಟು ಯಾವುದಕ್ಕಾದರೂ, ತಡಿ, ಎರಡಕ್ಕೇ, ಎಂದು ಏಳು ಮುದುಕರೂ ಒಮ್ಮೆಗೇ ಹೇಳಿದರು. ಅವಳು ತಾತನ ಕಡೆ ನೋಡಿದಳು.

ತಿಹೊಮಿರ್ ಸೋಫಾದ ಮೇಲೆ ಕೂತು, ಹೆಂಡತಿ ಕೊಟ್ಟ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೀನ್ಸ್ ತಿನ್ನುತ್ತಿದ್ದ. ಅವನು ಬಾಯಿ ಬಿಡಲಿಲ್ಲ. ಪಾಳಿ ಮುಗಿದವನು ಮಾತಾಡಬಾರದು.